ನಡುನೆತ್ತಿಗೆ ಏರದ ಹಿತ್ತಾಳೆ ಕೊಳವೆ: ಮೂರಿಂಚಿನ ಹಳೇ ಇಂಗ್ಲಿಷ್ ದೂರದರ್ಶಕ ಮಲೆನಾಡಿಗೆ ಒಗ್ಗುತ್ತದೆಯೇ?

ವಿಕ್ಟೋರಿಯಾ ರಾಣಿಯ ಕೊನೆಯ ಮೂವತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಹವ್ಯಾಸಿ ಖಗೋಳ ವೀಕ್ಷಕರ ಮನೆಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದ ಸಾಮಾನು ಮೂರಿಂಚಿನ ಹಿತ್ತಾಳೆ ದೂರದರ್ಶಕ. ಹಳೇ ಬಂಗಲೆಯ ಸಾಮಾನು ಹರಾಜಾದಾಗಲೋ, ಹಳೆಯ ಕಾಲೇಜಿನ ಭೌತಶಾಸ್ತ್ರ ಲ್ಯಾಬ್ ಖಾಲಿಯಾದಾಗಲೋ, ಆನ್‌ಲೈನ್ ಮಾರಾಟದಲ್ಲೋ ಇಂಥದ್ದು ಈಗಲೂ ಕೈಗೆ ಸಿಗುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಇದನ್ನು ಕೊಂಡು ನಿಜವಾಗಿ ಆಕಾಶ ನೋಡಬೇಕು ಅನ್ನುವವರಿಗಾಗಿ ಈ ವಿಮರ್ಶೆ. ಶೋಕೇಸಿನಲ್ಲಿ ಇಡುವವರಿಗೆ ಇದರಲ್ಲಿ ಹೆಚ್ಚೇನೂ ಇಲ್ಲ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಸೂರ ಇವತ್ತಿಗೂ ಮೊದಲ ದರ್ಜೆಯದು. ಸ್ಟ್ಯಾಂಡ್ ನಮ್ಮ ಅಕ್ಷಾಂಶಕ್ಕೆ ನಾಲಾಯಕ್ಕು. ಅದರ ಜೊತೆ ಬರುವ ಚೆಂದದ ಮಹಾಗನಿ ಪೆಟ್ಟಿಗೆಯೋ, ಮಳೆಗಾಲದಲ್ಲಿ ಮಸೂರದ ಶತ್ರು. ಇದು ಲಂಡನ್ನಿನ ಆಕಾಶಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿ. ನಮ್ಮ ಮೈಗೆ ಹಾಕಬೇಕಾದರೆ ಎರಡು ಮೂರು ಕಡೆ ಬಿಚ್ಚಿ ಹೊಲಿಯಲೇಬೇಕು.

ಪೂರ್ತಿ ಸೆಟ್ಟಿನಲ್ಲಿ ಇಷ್ಟು ಇರಬೇಕು. ಮುಂದೆ ಮೂರಿಂಚು, ಅಂದರೆ 76 ಮಿ.ಮೀ. ಅಗಲದ ಜೋಡಿ ಮಸೂರ, ಹಿತ್ತಾಳೆಯ ಬಳೆಯೊಳಗೆ. ಸಂಗಮ ದೂರ ಸುಮಾರು 45 ಇಂಚು (1143 ಮಿ.ಮೀ.), ಅಂದರೆ ಎಫ್/15: ಸಂಗಮ ದೂರ ಮಸೂರದ ಅಗಲದ ಹದಿನೈದು ಪಟ್ಟು. ಹಿಂದೆ ಹಲ್ಲುಪಟ್ಟಿ ಮತ್ತು ಸಣ್ಣ ಹಲ್ಲುಚಕ್ರದಿಂದ ಹೊರಬರುವ, ಒಳಹೋಗುವ ಡ್ರಾ ಟ್ಯೂಬು. ಒಂದು ಉದ್ದನೆಯ ನೇರಚಿತ್ರದ ಐಪೀಸು, ಅಂದರೆ ಕಣ್ಣಿಡುವ ತುದಿಯ ಗಾಜು. ಅದು ಹಡಗು, ಗುಡ್ಡ ನೋಡುವುದಕ್ಕೆ, ನಾಲ್ಕು ಗಾಜಿನದು, ರಾತ್ರಿ ಬೆಳಕು ತಿನ್ನುತ್ತದೆ, ಬದಿಗಿಡಿ. ಆಕಾಶಕ್ಕೆಂದು ಎರಡೋ ಮೂರೋ ಹೈಗೆನ್ಸ್ ಐಪೀಸುಗಳು. ಒಂದಿಂಚಿನದು 45 ಪಟ್ಟು, ಅರ್ಧ ಇಂಚಿನದು 90 ಪಟ್ಟು, ಮೂರನೇ ಒಂದು ಇಂಚಿನದು 135 ಪಟ್ಟು ದೊಡ್ಡದು ಮಾಡುತ್ತದೆ. ಮೂರಿಂಚಿಗೆ 150ರ ಮೇಲೆ ಎಳೆದರೆ ಚಿತ್ರ ಹಿಗ್ಗುತ್ತದೆ ಅಷ್ಟೆ, ಹೊಸದೇನೂ ಕಾಣುವುದಿಲ್ಲ. ಇವುಗಳ ಜೊತೆ ಕಪ್ಪು ಗಾಜಿನ ಒಂದು ಸಣ್ಣ ಟೋಪಿ ಇರುತ್ತದೆ, ಸೂರ್ಯನನ್ನು ನೋಡಲೆಂದು ಐಪೀಸಿಗೆ ತಿರುಗಿಸಿ ಹಾಕುವಂಥದು. ಅದರ ವಿಷಯ ಕೆಳಗೆ ಬರುತ್ತದೆ.

ಎಫ್/15 ಅನ್ನುವುದು ಆಗಿನವರ ಶೋಕಿಯಲ್ಲ, ಅನಿವಾರ್ಯ. ಮುಂದೆ ಕ್ರೌನ್ ಗಾಜು, ಹಿಂದೆ ಫ್ಲಿಂಟ್ ಗಾಜು ಇಟ್ಟು ಬಣ್ಣದ ದೋಷವನ್ನು ತಗ್ಗಿಸುತ್ತಾರೆ, ಪೂರ್ತಿ ತೆಗೆಯಲಾಗುವುದಿಲ್ಲ. ಉಳಿದ ನೇರಳೆ ಬಣ್ಣ ಕಣ್ಣಿಗೆ ರಾಚಬಾರದು ಅಂದರೆ ಕೊಳವೆ ಉದ್ದ ಇರಲೇಬೇಕು. ಮೂರಿಂಚಿಗೆ ಎಫ್/15 ಇದ್ದರೆ ಗುರುವಿನ ಅಂಚಿನಲ್ಲಿ ತೆಳುವಾದ ನೇರಳೆ ಹೊಗೆಯಷ್ಟೇ ಉಳಿಯುತ್ತದೆ. ಶುಕ್ರ ಮತ್ತು ಅಭಿಜಿತ್ ನಕ್ಷತ್ರದ ಸುತ್ತ ಸ್ವಲ್ಪ ಜಾಸ್ತಿ. ಈಗ ಅಗ್ಗಕ್ಕೆ ಸಿಗುವ ಎಫ್/5 ಗಿಡ್ಡ ಕೊಳವೆಗಳ ಪಕ್ಕ ಇಟ್ಟು ಚಂದ್ರನ ಅಂಚು ನೋಡಿದರೆ ವ್ಯತ್ಯಾಸಕ್ಕೆ ವಿವರಣೆ ಬೇಕಾಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಹೈಗೆನ್ಸ್ ಐಪೀಸು ಬರೀ ಎರಡು ಗಾಜಿನ ಸರಳ ಸಾಮಾನು, ಗಿಡ್ಡ ದೂರದರ್ಶಕಕ್ಕೆ ಹಾಕಿದರೆ ಅಂಚೆಲ್ಲ ಕಲಸಿಹೋಗುತ್ತದೆ. ಎಫ್/15ರಲ್ಲಿ ಅದೇ ಐಪೀಸು ಸಭ್ಯವಾಗಿ ನಡೆದುಕೊಳ್ಳುತ್ತದೆ.

ಆದರೆ ಗಾಜಿಗೆ ಲೇಪನ ಇಲ್ಲ. ಲೇಪನವಿಲ್ಲದ ಪ್ರತಿ ಮೈಯಲ್ಲೂ ನೂರಕ್ಕೆ ನಾಲ್ಕೈದು ಪಾಲು ಬೆಳಕು ಹಿಂದಕ್ಕೆ ಪುಟಿಯುತ್ತದೆ. ಮುಂದಿನ ಜೋಡಿ ಮಸೂರದಲ್ಲಿ ನಾಲ್ಕು ಮೈ, ಹೈಗೆನ್ಸ್‌ನಲ್ಲಿ ನಾಲ್ಕು ಮೈ. ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು ಮೂವತ್ತು ಪಾಲು ಬೆಳಕು ಕಣ್ಣಿಗೆ ಬರುವ ಮೊದಲೇ ಹೋಗಿರುತ್ತದೆ. ಮಸುಕಾದ ನೀಹಾರಿಕೆಗಳನ್ನು ಹುಡುಕುವವರು ಇಲ್ಲೇ ನಿಲ್ಲಬಹುದು. ಚಂದ್ರ, ಗ್ರಹ, ಜೋಡಿ ನಕ್ಷತ್ರ ನೋಡುವವರಿಗೆ ಇದು ದೊಡ್ಡ ನಷ್ಟವಲ್ಲ. ಶಿವಮೊಗ್ಗ ಪೇಟೆಯ ಬೀದಿದೀಪಗಳೂ ಇವುಗಳಿಗೆ ಅಡ್ಡಿಯಲ್ಲ.

ಸ್ಟ್ಯಾಂಡಿನ ಸಮಸ್ಯೆ

ಇದರೊಂದಿಗೆ ಹೆಚ್ಚಾಗಿ ಬರುವುದು ಮೇಜಿನ ಮೇಲೆ ಇಡುವ ಹಿತ್ತಾಳೆ ಸ್ಟ್ಯಾಂಡು: ಒಂದು ಕಂಬ, ಮಡಿಚುವ ಮೂರು ಕಾಲು, ಮೇಲೆ ಕೊಳವೆ ಏರಿಳಿಯುವ ಒಂದು ಕೀಲು. ಫೋಟೋದಲ್ಲಿ ಇದರಷ್ಟು ಚೆಂದ ಇನ್ನೊಂದಿಲ್ಲ. ಟೇಪು ಹಿಡಿದು ಅಳೆಯಿರಿ. ಮೇಜಿನಿಂದ ಕೀಲಿಗೆ 18 ಇಂಚು, ಕೀಲಿನಿಂದ ಐಪೀಸಿನ ತುದಿಗೆ 24 ಇಂಚು ಇದೆ ಅಂದುಕೊಳ್ಳೋಣ. ಕೊಳವೆ ಮೇಲಕ್ಕೆ ಏರಿದಷ್ಟೂ ಐಪೀಸು ಕೆಳಕ್ಕೆ ಇಳಿಯುತ್ತದೆ. ದಿಗಂತದಿಂದ 48 ಡಿಗ್ರಿ ದಾಟುವಷ್ಟರಲ್ಲಿ ಐಪೀಸು ಮೇಜಿಗೆ ತಾಗುತ್ತದೆ. ಆಮೇಲೆ ಮೇಜಿನ ಅಂಚಿಗೆ ಎಳೆದು, ಒಂದು ಕಾಲು ಗಾಳಿಯಲ್ಲಿ ಬಿಟ್ಟು ಸರ್ಕಸ್ಸು ಮಾಡಬೇಕು. ಬೀಳುವುದು ಹೀಗೇ.

ಲಂಡನ್ನಿನಲ್ಲಿ ಇದು ಇಷ್ಟು ಕಾಡುತ್ತಿರಲಿಲ್ಲ. ಅಲ್ಲಿಯ ಅಕ್ಷಾಂಶ 51.5 ಡಿಗ್ರಿ. ಮಹಾವ್ಯಾಧದ ನೀಹಾರಿಕೆ ಅತಿ ಎತ್ತರಕ್ಕೆ ಬಂದಾಗಲೂ ಅಲ್ಲಿ 33 ಡಿಗ್ರಿ ಮೇಲಿರುತ್ತದೆ ಅಷ್ಟೆ, ಮೇಜಿನ ಸ್ಟ್ಯಾಂಡಿಗೆ ಧಾರಾಳ ಸಾಕು. ಶಿವಮೊಗ್ಗದ ಅಕ್ಷಾಂಶ ಸುಮಾರು 14. ಇಲ್ಲಿ ಅದೇ ನೀಹಾರಿಕೆ 70 ಡಿಗ್ರಿಗೂ ಮೇಲೆ ಹೋಗುತ್ತದೆ. ಗುರು ಗ್ರಹ ಮಿಥುನ ರಾಶಿಯಲ್ಲಿದ್ದರೆ 80 ಡಿಗ್ರಿ ದಾಟಿ ಹೆಚ್ಚುಕಡಿಮೆ ನಡುನೆತ್ತಿಗೇ ಬರುತ್ತದೆ. ಗಾಳಿಯ ಪದರ ತೆಳು, ಚಿತ್ರ ನಿಚ್ಚಳ. ಯಾವ ಇಂಗ್ಲಿಷ್ ವೀಕ್ಷಕನಿಗೂ ಊರಲ್ಲಿ ಸಿಗದ ಭಾಗ್ಯ. ಆದರೆ ಕೊಳವೆ ಅಲ್ಲಿಗೆ ಏರುವುದಿಲ್ಲ. ಎತ್ತರದ ಮರದ ಟ್ರೈಪಾಡು ಬಂದಿದ್ದರೆ ಸ್ಥಿತಿ ಸ್ವಲ್ಪ ವಾಸಿ, ಆದರೂ ನೆತ್ತಿಯ ಹತ್ತಿರ ಕೊಳವೆಯ ಹಿಂಭಾಗ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ.

ಕೆಲವು ಸೆಟ್ಟುಗಳಲ್ಲಿ ಧ್ರುವಾಕ್ಷದ ಸ್ಟ್ಯಾಂಡು, ಅಂದರೆ ಈಕ್ವಟೋರಿಯಲ್ ಇರುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ. ಇದರ ಒಂದು ಅಕ್ಷ ಧ್ರುವದ ಕಡೆಗೆ, ಊರಿನ ಅಕ್ಷಾಂಶದಷ್ಟೇ ಓರೆಯಾಗಿ ನಿಲ್ಲಬೇಕು. ಕೊಳ್ಳುವ ಮೊದಲು ಅಕ್ಷ ಎಷ್ಟರವರೆಗೆ ಬಗ್ಗುತ್ತದೆ ನೋಡಿ. ಇಂಗ್ಲೆಂಡಿಗೆಂದು ಎರಕ ಹೊಯ್ದ ತಲೆ ಸುಮಾರು 50ರಿಂದ 55 ಡಿಗ್ರಿಯ ನಡುವೆ ಮಾತ್ರ ಅಲ್ಲಾಡುತ್ತದೆ. ನಮಗೆ ಬೇಕಾದ್ದು 14. ಉಳಿದ 36 ಡಿಗ್ರಿಗೆ ಮರದ ಬೆಣೆ ಕೊಟ್ಟು ಬಗ್ಗಿಸಿದರೆ ಭಾರವೆಲ್ಲ ಒಂದೇ ಕಡೆ ವಾಲುತ್ತದೆ, ಎದುರುತೂಕದ ಕಡ್ಡಿ ಕಂಬಕ್ಕೆ ಬಡಿಯುತ್ತದೆ. ಸಾಲದ್ದಕ್ಕೆ, ಅಕ್ಷವನ್ನು ಹೊಂದಿಸಲು ಬೇಕಾದ ಧ್ರುವ ನಕ್ಷತ್ರ ಮಲೆನಾಡಿನ ಬಹುಪಾಲು ಮನೆಗಳಿಂದ ಗುಡ್ಡದ ಹಿಂದೆಯೋ ಅಡಿಕೆ ತೋಟದ ಹಿಂದೆಯೋ ಅಡಗಿರುತ್ತದೆ. ವೃತ್ತಿಪರರಿಗೆ ಈ ತಾಪತ್ರಯ ಇರಲಿಲ್ಲ, ಸ್ಟ್ಯಾಂಡನ್ನು ತಮ್ಮ ಅಕ್ಷಾಂಶ ಹೇಳಿಯೇ ಮಾಡಿಸುತ್ತಿದ್ದರು. ಮದ್ರಾಸ್ ವೀಕ್ಷಣಾಲಯಕ್ಕೆ 1850ರಲ್ಲಿ ಬಂದ ಪ್ಯಾರಿಸ್ಸಿನ ಲೆರೆಬೂರ್ ಅಂಡ್ ಸೆಕ್ರೆಟಾನ್ ಕಂಪನಿಯ ಆರಿಂಚಿನ ದೂರದರ್ಶಕ ಆಮೇಲೆ ಕೊಡೈಕೆನಾಲಿಗೆ ಹೋಗಿ ಅಲ್ಲೂ ದಶಕಗಳ ಕಾಲ ದುಡಿಯಿತು. ಹವ್ಯಾಸಿಯ ಮೂರಿಂಚಿಗೆ ಅಂಥ ಯೋಗ ಎಲ್ಲಿ? ಸ್ಟ್ಯಾಂಡಿಗೆ ಹೆಚ್ಚು ದುಡ್ಡು ಕೊಡಬೇಡಿ, ಕೊಳವೆಗೆ ಕೊಡಿ.

ಪರಿಹಾರ ಎರಡು ಭಾಗದಲ್ಲಿ. ಮೊದಲನೆಯದು, ನಾಲ್ಕೈದು ಕೆ.ಜಿ. ಉದ್ದ ಕೊಳವೆಯನ್ನು ತಡೆಯುವ, ಮೇಲೆ ಕೆಳಗೆ, ಎಡ ಬಲ ತಿರುಗುವ ಈಗಿನ ಆಲ್ಟ್-ಅಜಿಮತ್ ತಲೆ, ಕೀಲು ನೆಲದಿಂದ 150 ಸೆಂ.ಮೀ. ಎತ್ತರದಲ್ಲಿ ನಿಲ್ಲುವಂಥ ಟ್ರೈಪಾಡು. ಕೊಳವೆ ತಲೆಯ ಪಕ್ಕದಲ್ಲಿ ಕೂರಬೇಕು, ನೆತ್ತಿಯ ಮೇಲಲ್ಲ. ಆಗ ಕಾಲಿಗೆ ಬಡಿಯುವುದಿಲ್ಲ. ಹಿತ್ತಾಳೆಗೆ ಗೀರು ಬೀಳದಂತೆ ಹಿಡಿಕೆಯ ಬಳೆಯೊಳಗೆ ಫೆಲ್ಟ್ ಬಟ್ಟೆ ಅಂಟಿಸಿ. ಫೋಟೋ ಟ್ರೈಪಾಡಿನ ಮೇಲೆ ಇಟ್ಟು ನೋಡುವ ಯೋಚನೆ ಬೇಡ. ಉದ್ದ ಕೊಳವೆಯ ತುದಿಗೆ ಬೆರಳು ತಾಗಿದರೆ ಸಾಕು, 100 ಪಟ್ಟಿನಲ್ಲಿ ಗುರು ತೊಟ್ಟಿಲಾಡುತ್ತದೆ.

ಎರಡನೆಯದು 90 ಡಿಗ್ರಿಯ ಸ್ಟಾರ್ ಡಯಾಗನಲ್, ಬೆಳಕನ್ನು ಅಡ್ಡಕ್ಕೆ ತಿರುಗಿಸಿ ಐಪೀಸಿಗೆ ಕೊಡುವ ತುಂಡು. ಇದನ್ನು ಹಾಕಿದರೆ ನೆತ್ತಿಯಲ್ಲಿರುವುದನ್ನು ಕುರ್ಚಿಯಲ್ಲಿ ಕೂತು, ಮುಂದಕ್ಕೆ ಬಗ್ಗಿ ನೋಡಬಹುದು. ಇಲ್ಲಿ ಎರಡು ಕಡೆ ಎಡವುತ್ತಾರೆ.

ಒಂದು, ಜಾಗ. ಡಯಾಗನಲ್ ತನ್ನೊಳಗೆ 70 ಮಿ.ಮೀ.ಯಷ್ಟು ಬೆಳಕಿನ ದಾರಿ ತಿನ್ನುತ್ತದೆ. ಅಷ್ಟು ಡ್ರಾ ಟ್ಯೂಬು ಒಳಕ್ಕೆ ಹೋಗಬೇಕು. ಕೊಳ್ಳುವ ಮೊದಲು ಡಯಾಗನಲ್ ಇಲ್ಲದೆ ಎರಡು ಮೂರು ಕಿ.ಮೀ. ದೂರದ ಟವರನ್ನೋ ಗುಡ್ಡದ ಮರವನ್ನೋ ಆಕಾಶದ ಐಪೀಸಿನಿಂದ ಫೋಕಸ್ ಮಾಡಿ, ಡ್ರಾ ಟ್ಯೂಬು ಎಷ್ಟು ಹೊರಗಿದೆ ಎಂದು ಅಳೆಯಿರಿ. ಅಷ್ಟು ದೂರಕ್ಕೂ ನಕ್ಷತ್ರಕ್ಕೂ ಫೋಕಸಿನಲ್ಲಿ ಅರ್ಧ ಮಿ.ಮೀ. ಆಸುಪಾಸಿನ ವ್ಯತ್ಯಾಸ ಅಷ್ಟೆ. 75 ಮಿ.ಮೀ.ಗಿಂತ ಹೆಚ್ಚು ಹೊರಗಿದ್ದರೆ ಡಯಾಗನಲ್ ಹಿಡಿಸುತ್ತದೆ. ಕಡಿಮೆಯಿದ್ದರೆ ಎಷ್ಟು ತಿರುಗಿಸಿದರೂ ಫೋಕಸ್ ಸಿಗುವುದಿಲ್ಲ, ಮಸೂರ ಕೆಟ್ಟಿದೆ ಅಂತ ಸುಮ್ಮನೆ ಅದನ್ನು ಬಿಚ್ಚಿ ಹಾಳು ಮಾಡುತ್ತಾರೆ.

ಇನ್ನೊಂದು, ಮರೆ, ಅಂದರೆ ತಿರುಪಿನ ಥ್ರೆಡ್. ಆ ಕಾಲದ ಕೊನೆಯ ಹೊತ್ತಿನ ಬಹಳಷ್ಟು ಇಂಗ್ಲಿಷ್ ಐಪೀಸುಗಳು ತಿರುಪಿನವು: ಒಂದೂಕಾಲು ಇಂಚು ಅಗಲ, ಇಂಚಿಗೆ 16 ಎಳೆ, 55 ಡಿಗ್ರಿ ಕೋನದ ವಿಟ್‌ವರ್ತ್ ಎಂಬ ಹಳೇ ಇಂಗ್ಲಿಷ್ ಅಳತೆಯ ಮರೆ. ಈಗಿನ ಡಯಾಗನಲ್ ಮರೆಯಿಲ್ಲದ 31.7 ಮಿ.ಮೀ. ನುಣುಪು ಕೊಳವೆ. ಮಧ್ಯೆ ಒಂದು ಅಡಾಪ್ಟರ್ ಬೇಕು. ಲೇತ್ ಅಂಗಡಿಯಲ್ಲಿ ಹಿತ್ತಾಳೆ ರಾಡು ಕೊಟ್ಟು ಕಟಾಯಿಸಬಹುದು. ಮರೆ ಎಷ್ಟು ಎಂದು ಲೇತಿನವರಿಗೆ ಬರೆದೇ ಕೊಡಿ. ಇಂಚಿಗೆ 16 ಅಂದರೆ ಎಳೆಯಿಂದ ಎಳೆಗೆ 1.5875 ಮಿ.ಮೀ. ಕಣ್ಣಳತೆಯಲ್ಲಿ ಅದು 1.5 ಮಿ.ಮೀ. ಮೆಟ್ರಿಕ್ ಥರವೇ ಕಾಣುತ್ತದೆ. ಹಾಗೆ ಕಟಾಯಿಸಿದರೆ ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ, ನಾಲ್ಕನೇ ಸುತ್ತಿಗೆ ಮೂರನೇ ಒಂದು ಮಿ.ಮೀ. ಜಾರಿ ಕಚ್ಚಿಕೊಳ್ಳುತ್ತದೆ. ಬಲ ಹಾಕಿದರೆ ನೂರು ವರ್ಷದ ಹಳೇ ಮರೆಯೇ ತಿನ್ನಿಹೋಗುತ್ತದೆ. ಮಾದರಿಗೆ ಹಳೇ ಐಪೀಸೊಂದನ್ನು ಜೊತೆಗೆ ಒಯ್ದು, ಥ್ರೆಡ್ ಗೇಜ್ ಇಟ್ಟು ನೋಡಿಯೇ ಕೆಲಸ ಶುರುವಾಗಲಿ. ಇನ್ನೂ ಹಳೆಯ ಕೊಳವೆಗಳಲ್ಲಿ ಮರೆ ತಯಾರಕರ ಸ್ವಂತದ್ದು, ಯಾವ ಪಟ್ಟಿಗೂ ಹೊಂದುವುದಿಲ್ಲ. ಆಗ ಡ್ರಾ ಟ್ಯೂಬಿನೊಳಗೆ ತಳ್ಳಿ ಕೂರಿಸುವ ನುಣುಪಾದ ತೋಳು ಮಾಡಿಸುವುದೇ ಸರಿ.

ಏನು ಕಾಣುತ್ತದೆ

ಒತ್ತೊತ್ತಾದ ಎರಡು ನಕ್ಷತ್ರಗಳನ್ನು ಮೂರಿಂಚು ಎಷ್ಟು ಬಿಡಿಸಿ ತೋರಿಸಬಲ್ಲದು ಎನ್ನುವುದಕ್ಕೆ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ವೀಕ್ಷಕ ವಿಲಿಯಂ ಡಾಸ್ ಕೊಟ್ಟ ಸೂತ್ರ ಈಗಲೂ ನಡೆಯುತ್ತದೆ: 4.56 ಅನ್ನು ಇಂಚಿನ ಅಗಲದಿಂದ ಭಾಗಿಸಿ. ಮೂರಿಂಚಿಗೆ 1.52 ಆರ್ಕ್ ಸೆಕೆಂಡು (ಒಂದು ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್ ಸೆಕೆಂಡು). ಅದನ್ನು ಮುಟ್ಟುವುದು ಒಳ್ಳೆಯ ಗಾಳಿಯ ರಾತ್ರಿ ಮಾತ್ರ. ಸುಮಾರು ಐದೂವರೆ ಸೆಕೆಂಡು ಅಂತರದ ಕ್ಯಾಸ್ಟರ್, ಅದೇ ಪುನರ್ವಸುವಿನ ಜೋಡಿಯಲ್ಲಿ ಒಂದು, 90 ಪಟ್ಟಿನಲ್ಲಿ ಎರಡು ಬಿಳಿ ಸೂಜಿಮೊನೆಗಳಾಗಿ ಒಡೆಯಬೇಕು. ಒಡೆಯದಿದ್ದರೆ ತಪ್ಪು ದೂರದರ್ಶಕದ್ದು, ಗಾಳಿಯದ್ದಲ್ಲ. ಸಿಂಹದ ಗಾಮಾ ಇನ್ನೂ ಸ್ವಲ್ಪ ಬಿಗಿ. ವೀಣೆಯ ಎಪ್ಸಿಲಾನ್‌ನ ಎರಡೂ ಜೋಡಿ 2.3, 2.4 ಸೆಕೆಂಡಿನ ಅಂತರದವು, 120 ಪಟ್ಟು ಬೇಕು. ರೈಜೆಲ್ ಬೇರೆ ಥರದ ಪರೀಕ್ಷೆ: ಅಂತರ ಒಂಬತ್ತು ಸೆಕೆಂಡಿಗೂ ಹೆಚ್ಚು, ಆದರೆ ಸಂಗಾತಿ ನಕ್ಷತ್ರ ನೂರಾರು ಪಟ್ಟು ಮಂಕು, ದೊಡ್ಡದರ ಪ್ರಭೆಯಲ್ಲಿ ಮುಳುಗಿರುತ್ತದೆ. ಮಸೂರ ಕೊಳೆಯಾಗಿದ್ದರೆ ಕಾಣುವುದೇ ಇಲ್ಲ. ರೈಜೆಲ್ ಲಂಡನ್ನಿನಲ್ಲಿ 30 ಡಿಗ್ರಿ ಏರಿದರೆ ನಮ್ಮಲ್ಲಿ 68 ಡಿಗ್ರಿ ಏರುತ್ತದೆ. ಹಾಗಾಗಿ ಇಲ್ಲಿ ಇದು ಅಲ್ಲಿಗಿಂತ ಸುಲಭ.

ಹಳೇ ಇಂಗ್ಲಿಷ್ ಕೈಪಿಡಿಗಳಲ್ಲಿ ಸಣ್ಣ ದೂರದರ್ಶಕದ ಪರೀಕ್ಷೆ ಅಂದರೆ ಧ್ರುವ ನಕ್ಷತ್ರದ 18 ಸೆಕೆಂಡು ದೂರದ, ಒಂಬತ್ತನೇ ದರ್ಜೆಯ, ಅಂದರೆ ಬರಿಗಣ್ಣಿಗೆ ಕಾಣದಷ್ಟು ಮಂಕಾದ, ಸಂಗಾತಿ. ಆ ಪರೀಕ್ಷೆಯನ್ನು ಮಲೆನಾಡಿನಲ್ಲಿ ಮಾಡಿ ಮಸೂರಕ್ಕೆ ಮಾರ್ಕು ಕೊಡಬೇಡಿ. ಅಲ್ಲಿ 50 ಡಿಗ್ರಿ ಎತ್ತರದಲ್ಲಿರುವ ಧ್ರುವ ಇಲ್ಲಿ 14 ಡಿಗ್ರಿಯಲ್ಲಿ, ದಟ್ಟ ಗಾಳಿ, ಮಂಜು, ಒಲೆ ಹೊಗೆ ಎಲ್ಲದರ ಮೂಲಕ ಕಾಣುತ್ತದೆ. ಒಳ್ಳೇ ಮಸೂರವೂ ಫೇಲಾಗುತ್ತದೆ.

ಇದಕ್ಕೆ ಬದಲಾಗಿ ನಮಗೆ ದಕ್ಷಿಣ ಸಿಕ್ಕಿದೆ. ಫೆಬ್ರವರಿ ನಡುವಿನಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಅಗಸ್ತ್ಯ 23 ಡಿಗ್ರಿ ಮೇಲಿರುತ್ತದೆ. ಏಪ್ರಿಲ್ ನಡುರಾತ್ರಿ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ 28 ಡಿಗ್ರಿಗೆ ಬರುತ್ತದೆ. ಮೂರಿಂಚಿನಲ್ಲಿ ಅದು ರವೆ ಚೆಲ್ಲಿದ ಹಾಗೆ ಒರಟೊರಟಾದ ಉಂಡೆ, ಬಿಡಿ ನಕ್ಷತ್ರಗಳು ಅಂಚಿನಲ್ಲಿ ಮಾತ್ರ ಒಡೆಯುತ್ತವೆ. ಆಲ್ಫಾ ಸೆಂಟಾರಿಯ ಜೋಡಿ 15 ಡಿಗ್ರಿಯಷ್ಟು ಕೆಳಗಿದ್ದರೂ ಅಂತರ ಈಗ ಎಂಟು ಸೆಕೆಂಡಿನ ಆಸುಪಾಸು ಇರುವುದರಿಂದ ಸಲೀಸು. ತೆಂಕಣ ದಿಗಂತ ತೆರೆದಿರಬೇಕು ಅಷ್ಟೆ; ಕುಂದಾದ್ರಿಯಂಥ ಬೋಳು ಬಂಡೆಯ ಮೇಲೆ ಸಿಗುವುದು ತೋಟದ ನಡುವಿನ ಅಂಗಳದಲ್ಲಿ ಸಿಗುವುದಿಲ್ಲ. ಇಂಗ್ಲೆಂಡಿನಿಂದ ಇವು ಯಾವುವೂ ಕಾಣುವುದಿಲ್ಲ. ಮದ್ರಾಸ್ ವೀಕ್ಷಣಾಲಯದ ಮುಖ್ಯಸ್ಥ ಪಾಗ್ಸನ್ ಕೈಕೆಳಗೆ ಕೆಲಸ ಮಾಡುತ್ತಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ಕಂಡುಹಿಡಿದ ಬದಲಾಗುವ ತಾರೆ ಆರ್ ರೆಟಿಕ್ಯುಲಿ ಕೂಡ ಇಂಥ ತೆಂಕಣದ್ದೇ. ದಕ್ಷಿಣದ ಅಕ್ಷಾಂಶದಲ್ಲಿ ಕೂತವರಿಗೆ ಇದ್ದ ಅನುಕೂಲ ಅದು.

ಗುರುವಿನ ಎರಡು ಮುಖ್ಯ ಪಟ್ಟೆಗಳು, ನಾಲ್ಕು ಚಂದ್ರರು, ಚಂದ್ರನ ನೆರಳು ಗುರುವಿನ ಮೇಲೆ ಹಾಯುವುದು ನಿಚ್ಚಳ. ದೊಡ್ಡ ಕೆಂಪು ಕಲೆ ಬಣ್ಣ ಗಾಢವಾಗಿದ್ದ ವರ್ಷ ಕಾಣುತ್ತದೆ. ಶನಿಯ ಬಳೆ ಅಗಲವಾಗಿ ತೆರೆದಾಗ ಕ್ಯಾಸಿನಿ ಬಿರುಕು ತುದಿಗಳಲ್ಲಿ ಕಪ್ಪು ಎಳೆಯಾಗಿ ಬರುತ್ತದೆ. ಮಂಗಳದ ಬಗ್ಗೆ ಆಸೆ ಇಟ್ಟುಕೊಳ್ಳಬೇಡಿ. 1877ರಲ್ಲಿ ಇಟಲಿಯ ಶಿಯಾಪರೆಲ್ಲಿ ಅದರ ಮೇಲೆ ಗೆರೆಗಳನ್ನು ಬರೆದದ್ದು ಎಂಟೂ ಚಿಲ್ಲರೆ ಇಂಚಿನ ದೂರದರ್ಶಕದಿಂದ. ಅದೇ ವರ್ಷ ಅಮೆರಿಕದ ಆಸಫ್ ಹಾಲ್ ಅದರ ಎರಡು ಚಂದ್ರರನ್ನು ಹಿಡಿದದ್ದು 26 ಇಂಚಿನದರಿಂದ. ಮೂರಿಂಚಿಗೆ ಧ್ರುವದ ಬಿಳಿ ಟೋಪಿ, ಒಂದೆರಡು ಕಪ್ಪು ಮಚ್ಚೆ, ಅಷ್ಟೇ. ನೋಟದ ಹರವು ಕೂಡ ಕಿರಿದು. ಅತಿ ಕಡಿಮೆ ಪಟ್ಟಿನಲ್ಲೂ ಒಂದು ಡಿಗ್ರಿ ಸಿಕ್ಕರೆ ಹೆಚ್ಚು. ಕೃತ್ತಿಕೆಯ ಗೊಂಚಲು ಪೂರ್ತಿ ಒಳಗೆ ಹಿಡಿಸುವುದಿಲ್ಲ.

ಸಣ್ಣದು ಅಂತ ಕೀಳಾಗಿ ನೋಡಬೇಕಿಲ್ಲ. 1898ರ ಜನವರಿ 22ರ ಪೂರ್ಣ ಸೂರ್ಯಗ್ರಹಣಕ್ಕೆ ಇಂಗ್ಲೆಂಡಿನಿಂದ ವೃತ್ತಿಪರರೂ ಹವ್ಯಾಸಿಗಳೂ ದಂಡಿಗಟ್ಟಿ ಭಾರತಕ್ಕೆ ಬಂದಿದ್ದರು. ಇಂಗ್ಲಿಷ್ ಖಗೋಳ ವಿಜ್ಞಾನಿ ಲಾಕ್ಯರ್ ಅವರ ದಂಡು ಕೊಂಕಣದ ವಿಜಯದುರ್ಗದಲ್ಲಿ ದೊಡ್ಡ ಯಂತ್ರಗಳನ್ನು ಹೂಡಿತ್ತು. ಈಗಿನ ಮಹಾರಾಷ್ಟ್ರದ ತಲ್ನಿಯಲ್ಲಿ ಕೂತ ಬ್ರಿಟಿಷ್ ಖಗೋಳ ವೀಕ್ಷಕಿ ಆ್ಯನಿ ಮಾಂಡರ್ ಒಂದೂವರೆ ಇಂಚಿನ ಮಸೂರದಿಂದ ಕರೋನಾದ, ಅಂದರೆ ಸೂರ್ಯನ ಹೊರಪ್ರಭೆಯ, ಬಹು ಉದ್ದದ ಕಿರಣವೊಂದರ ಚಿತ್ರ ತೆಗೆದರು. ಅದಕ್ಕೂ ಮೂವತ್ತು ವರ್ಷ ಹಿಂದೆ, 1868ರ ಗ್ರಹಣಕ್ಕೆ, ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕ ಹೂಡಿ ಮೋಡದ ಸಂದಿಯಲ್ಲಿ ಸೂರ್ಯನ ಜ್ವಾಲೆಗಳನ್ನು ನೋಡಿದ್ದ. ಆಗಸ್ಟಿನಲ್ಲಿ ಮೋಡ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಾದ್ದಲ್ಲ.

ಸೂರ್ಯ

ಪೆಟ್ಟಿಗೆಯಲ್ಲಿರುವ ಕಪ್ಪು ಗಾಜಿನ ಟೋಪಿಯನ್ನು ತೆಗೆದು ಬಿಸಾಡಿ, ಅಥವಾ ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಿ. ಮೂರಿಂಚಿನ ಬಿಸಿಲೆಲ್ಲ ಆ ಸಣ್ಣ ಗಾಜಿನ ಹತ್ತಿರ ಒಟ್ಟುಗೂಡುತ್ತದೆ. ನಿಮಿಷಗಳಲ್ಲಿ ಅದು ಕಾದು ಟಪ್ಪನೆ ಬಿರಿಯಬಹುದು, ಕಣ್ಣು ಆಗ ಐಪೀಸಿನ ಮೇಲಿರುತ್ತದೆ. ಗಾಜು ಬಿರಿಯದಿದ್ದರೂ ಅದು ಕಣ್ಣಿಗೆ ಕಾಣದ ಶಾಖದ ಕಿರಣಗಳನ್ನು ತಡೆಯುತ್ತದೆ ಎನ್ನುವ ಭರವಸೆ ಇಲ್ಲ.

ಸುರಕ್ಷಿತ ದಾರಿ ಪರದೆಗೆ ಚಿತ್ರ ಬೀಳಿಸುವುದು. ಹೈಗೆನ್ಸ್ ಐಪೀಸು ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಗಾಜುಗಳು ಅಂಟಿಸಿದವಲ್ಲ, ಬಿಸಿಗೆ ಅಂಟು ಕರಗುವ ಭಯ ಇಲ್ಲ. ಗಾಜುಗಳನ್ನು ಅಂಟಿಸಿ ಮಾಡುವ ಈಗಿನ ಪ್ಲಾಸ್ಲ್ ಐಪೀಸನ್ನು ಈ ಕೆಲಸಕ್ಕೆ ಹಾಕಬೇಡಿ. ಬ್ರಿಟಿಷ್ ಆಸ್ಟ್ರಾನಾಮಿಕಲ್ ಅಸೋಸಿಯೇಷನ್ 1890ರಲ್ಲಿ ಹುಟ್ಟಿತು. ಅದರ ಸೂರ್ಯವೀಕ್ಷಕರ ಬಳಕೆಯಲ್ಲಿ ಆರಿಂಚು, ಅಂದರೆ 152 ಮಿ.ಮೀ. ಅಗಲದ ಬಿಂಬ ರೂಢಿಯಾಯಿತು. ನಮ್ಮ 1143 ಮಿ.ಮೀ. ಕೊಳವೆಯಲ್ಲಿ ಸೂರ್ಯನ ಮೂಲ ಬಿಂಬ ಹತ್ತೂವರೆ ಮಿ.ಮೀ. ಒಂದಿಂಚಿನ ಐಪೀಸು ಹಾಕಿ, ಬಿಳಿ ಡ್ರಾಯಿಂಗ್ ಹಾಳೆಯನ್ನು ಅದರಿಂದ ಸುಮಾರು 38 ಸೆಂ.ಮೀ. ಹಿಂದೆ ಇಟ್ಟರೆ ಆರಿಂಚಿನ ಬಿಂಬ ಸಿಗುತ್ತದೆ. ಕೊಳವೆಯ ಮುಂದೆ ದೊಡ್ಡ ರಟ್ಟು ಸಿಕ್ಕಿಸಿ ಹಾಳೆಯ ಮೇಲೆ ನೆರಳು ಬೀಳಿಸಿ. ಇಲ್ಲದಿದ್ದರೆ ಸಣ್ಣ ಕಲೆಗಳು ತೊಳೆದುಹೋಗುತ್ತವೆ. ಫೈಂಡರಿಗೆ, ಅಂದರೆ ಗುರಿ ಹಿಡಿಯುವ ಸಣ್ಣ ದೂರದರ್ಶಕಕ್ಕೆ, ಮುಚ್ಚಳ ಹಾಕಿರಲೇಬೇಕು. ಗುರಿ ಹಿಡಿಯುವುದಕ್ಕೆ ಕೊಳವೆಯ ನೆರಳು ನೋಡಿ: ನೆಲದ ಮೇಲೆ ನೆರಳು ಅತಿ ಗಿಡ್ಡವಾಗಿ ದುಂಡಗಾದಾಗ ಸೂರ್ಯ ಒಳಗಿದ್ದಾನೆ. ನೇರವಾಗಿ ಕಣ್ಣಿಟ್ಟು ನೋಡಲೇಬೇಕಾದರೆ ಇರುವುದೊಂದೇ ದಾರಿ, ಮುಂದಿನ ಮಸೂರವನ್ನು ಪೂರ್ತಿ ಮುಚ್ಚುವ ಸೌರ ಫಿಲ್ಮಿನ ಫಿಲ್ಟರು, ತೂತು ಇಲ್ಲದ್ದು, ಗಾಳಿಗೆ ಹಾರದ ಹಾಗೆ ಟೇಪು ಸುತ್ತಿದ್ದು.

ಮಳೆ, ಬೂಷ್ಟು, ಕಿಲುಬು

ಮಲೆನಾಡಿನಲ್ಲಿ ಈ ಸಾಮಾನು ಹಾಳಾಗುವುದು ಬಳಸುವಾಗಲ್ಲ, ಇಟ್ಟಲ್ಲೇ. ಮಹಾಗನಿ ಪೆಟ್ಟಿಗೆಯ ಒಳಗೆ ಹಸಿರು ಉಣ್ಣೆ ಬಟ್ಟೆ ಹೊದಿಸಿರುತ್ತಾರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಆ ಬಟ್ಟೆ ಗಾಳಿಯ ನೀರನ್ನೆಲ್ಲ ಹೀರಿ ಹಿಡಿದಿಡುತ್ತದೆ. ಪೆಟ್ಟಿಗೆ ಮುಚ್ಚಿದಷ್ಟೂ ಮಸೂರಕ್ಕೆ ಕೇಡು. ಬೂಷ್ಟು ಮೊದಲು ಗಾಜಿನ ಅಂಚಿನಲ್ಲಿ, ಎರಡು ಗಾಜಿನ ಸಂದಿಯಲ್ಲಿ ಹುಟ್ಟುತ್ತದೆ. ಟಾರ್ಚು ಓರೆಯಾಗಿ ಹಿಡಿದರೆ ಜೇಡರ ಬಲೆಯ ಥರ ಕವಲು ಕವಲಾದ ಎಳೆಗಳು. ಬೇಗ ತೊಳೆದರೆ ಹೋಗುತ್ತದೆ. ಬಿಟ್ಟರೆ ಅದು ಉಗುಳುವ ಆಮ್ಲ ಗಾಜನ್ನೇ ಕೊರೆಯುತ್ತದೆ, ಆಮೇಲೆ ಎಳೆ ಹೋದರೂ ಗುರುತು ಉಳಿಯುತ್ತದೆ.

ಮಳೆಗಾಲ ಶುರುವಾಗುವ ಮೊದಲು ಮಸೂರದ ಬಳೆಯನ್ನು ಕೊಳವೆಯಿಂದ ಹಾಗೇ ತಿರುಗಿಸಿ ತೆಗೆಯಿರಿ, ಬಳೆಯೊಳಗಿನ ಗಾಜು ಮಾತ್ರ ಬಿಚ್ಚಬೇಡಿ. ಹಪ್ಪಳ ಸಂಡಿಗೆ ಗರಿಗರಿಯಾಗಿ ಉಳಿಯಲಿ ಅಂತ ಇಡುವ ಹಾಗೆ, ರಬ್ಬರಿನ ಅಂಚಿರುವ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಐಪೀಸುಗಳ ಜೊತೆ ಇಟ್ಟು, 200 ಗ್ರಾಂ ಸಿಲಿಕಾ ಜೆಲ್ ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿ ಹಾಕಿ. ಬಣ್ಣ ಬದಲಾದ ಮೇಲೆ 110–120 ಡಿಗ್ರಿ ಓವನ್ನಿನಲ್ಲಿ ಎರಡು ಗಂಟೆ ಕಾಯಿಸಿ ಮತ್ತೆ ಹಾಕಬಹುದು. ಬಳೆ ಕಚ್ಚಿಕೊಂಡು ತಿರುಗದಿದ್ದರೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಎರಡೂ ಕೈಯಿಂದ ತಿರುವಿ. ಪೈಪ್ ಪಾನಾ ಹಾಕಿದರೆ ಬಳೆ ಮೊಟ್ಟೆಯಾಕಾರಕ್ಕೆ ಬಂದು ಮಸೂರವನ್ನು ಜೀವಮಾನವಿಡೀ ಹಿಂಡುತ್ತದೆ. ಅಟ್ಟದ ಮೇಲೆ, ಒಲೆಯ ಹೊಗೆಗೆ ಇಡುವುದು ಒಣಗಲು ಒಳ್ಳೆಯದೇ, ಅಡಿಕೆಗೆ. ಮಸೂರದ ಮೇಲೆ ಮಸಿಯ ಜಿಡ್ಡು ಕೂರುತ್ತದೆ.

ಗಾಜುಗಳನ್ನು ಬಿಡಿಸಲೇಬೇಕಾದ ದಿನ ಬಂದರೆ, ಮೊದಲು ಎರಡರ ಅಂಚಿನ ಮೇಲೂ ಸೇರಿಸಿ ಪೆನ್ಸಿಲಿನಲ್ಲಿ ಬಾಣದ ಗುರುತು ಎಳೆಯಿರಿ. ಕ್ರೌನ್ ಮುಂದೆ, ಫ್ಲಿಂಟ್ ಹಿಂದೆ. ಕ್ರೌನಿನ ಎರಡೂ ಮೈ ಉಬ್ಬಿರುತ್ತವೆ. ಸಾಮಾನ್ಯವಾಗಿ ಹೆಚ್ಚು ಉಬ್ಬಿದ್ದು ಒಳಕ್ಕೆ, ಫ್ಲಿಂಟಿನ ಕಡೆಗೆ. ಸಂದಿಯಲ್ಲಿ 120 ಡಿಗ್ರಿಗೊಂದರಂತೆ ಮೂರು ತವರದ ಹಾಳೆಯ ಚೂರುಗಳಿರುತ್ತವೆ. ಹಳೇ ಮಸೂರಗಳಲ್ಲಿ ಇವು ಬೂದಿಯಾಗಿ ಪುಡಿಯಾಗಿರುವುದೇ ಹೆಚ್ಚು. ಮೂರನ್ನೂ ಒಂದೇ ದಪ್ಪದ ಹಾಳೆಯಿಂದ ಕತ್ತರಿಸಿ ಹಾಕಿ. ಒಂದು ದಪ್ಪವಾದರೆ ಮಸೂರ ಓರೆಯಾಗಿ ನಕ್ಷತ್ರಕ್ಕೆ ಬಾಲ ಹುಟ್ಟುತ್ತದೆ. ತೊಳೆಯುವುದಕ್ಕೆ ಬಟ್ಟಿ ಇಳಿಸಿದ ನೀರು, ಪಾತ್ರೆ ತೊಳೆಯುವ ದ್ರವ ಒಂದು ಹನಿ, ಹತ್ತಿಯನ್ನು ಒತ್ತದೆ ಎಳೆಯುವುದು. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್. ಅದರ ಹನಿ ಹಿತ್ತಾಳೆ ಕೊಳವೆಯ ಮೇಲೆ ಬಿದ್ದರೆ ಹೊಳಪು ಎದ್ದುಹೋಗುತ್ತದೆ. ಆ ಮೆರುಗು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು. ಇದೇ ಕಾರಣಕ್ಕೆ ದೀಪ ಬೆಳಗುವ ಹಾಗೆ ಹುಣಸೆಹಣ್ಣು, ಪೀತಾಂಬರಿ ಪುಡಿ ಹಾಕಿ ತಿಕ್ಕಬಾರದು. ಎರಡು ದಿನ ಬಂಗಾರದ ಹಾಗೆ ಹೊಳೆದು, ಮೆರುಗಿಲ್ಲದ ಹಿತ್ತಾಳೆ ಮೊದಲ ಮಳೆಗೇ ಕಿಲುಬು ಹಿಡಿಯುತ್ತದೆ. ಹಲ್ಲುಪಟ್ಟಿಗೆ ತೆಂಗಿನೆಣ್ಣೆ ಬಿಡುವ ಅಭ್ಯಾಸವೂ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಜನವರಿ ರಾತ್ರಿ ಫೋಕಸ್ ಗುಂಡಿ ತಿರುಗುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ಹಳೇ ಜಿಡ್ಡು ತೊಳೆದು, ಬಿಳಿ ಲಿಥಿಯಂ ಗ್ರೀಸು ಬೆರಳತುದಿಯಷ್ಟು ಸಾಕು.

ಡಿಸೆಂಬರಿನಿಂದ ಮಾರ್ಚ್‌ವರೆಗೆ ನೋಡುವ ಕಾಲ. ಆ ಕಾಲಕ್ಕೆ ಇಬ್ಬನಿಯೂ ಜೋರು. ಹಿತ್ತಾಳೆಯ ಮೂಲ ಇಬ್ಬನಿ ಟೋಪಿ ಮೂರು ನಾಲ್ಕು ಇಂಚು ಉದ್ದ, ಇಲ್ಲಿಗೆ ಸಾಲದು. ಕಪ್ಪು ರಟ್ಟಿನೊಳಗೆ ಫೆಲ್ಟ್ ಅಂಟಿಸಿ ಎಂಟು ಒಂಬತ್ತು ಇಂಚಿನ ತೋಳು ಮಾಡಿ ಸಿಕ್ಕಿಸಿ. ಅಡಿಕೆ ಹಾಳೆ ಸುರುಳಿ ಸುತ್ತಿಯೂ ಮಾಡಬಹುದು, ಹಗುರ, ಸುಲಭ. ಆದರೆ ಹಾಳೆಗೇ ಬೂಷ್ಟು ಹಿಡಿಯುತ್ತದೆ, ಒಂದೇ ಹಂಗಾಮಿಗೆ ಸಾಕು. ಒಳಗೆ ತಂದಾಗ ಮಸೂರ ಒದ್ದೆಯಾಗಿದ್ದರೆ ಮುಚ್ಚಳ ಹಾಕಬೇಡಿ, ಒರೆಸಲೂ ಬೇಡಿ. ಕೊಳವೆ ಅಡ್ಡಲಾಗಿಟ್ಟು, ತಾನಾಗಿ ಆರುವವರೆಗೆ ಬಿಡಿ.

ಕೊಳ್ಳುವಾಗ

ಅಲಂಕಾರಕ್ಕೆಂದು ಮಾಡಿದ ಹಿತ್ತಾಳೆ ದೂರದರ್ಶಕಗಳು ಸಾವಿರಾರು ಇವೆ. ಲಂಡನ್ ಹೆಸರು, ಇಸವಿ ದೊಡ್ಡಕ್ಷರದಲ್ಲಿ ಕೊರೆದಿದ್ದರೆ ಅನುಮಾನ ಪಡಿ. ಅಸಲಿಯಲ್ಲಿ ತಯಾರಕರ ಹೆಸರು ಸಾಮಾನ್ಯವಾಗಿ ಹಿಂದಿನ ತಟ್ಟೆಯ ಮೇಲೆ, ಸಣ್ಣ ಅಚ್ಚುಕಟ್ಟು ಕೆತ್ತನೆಯಲ್ಲಿ ಇರುತ್ತದೆ: ಯಾರ್ಕಿನ ಕುಕ್ ಅಂಡ್ ಸನ್ಸ್, ಲಂಡನ್ನಿನ ರೇ, ರಾಸ್, ಡಾಲಂಡ್. ಹೆಸರಿಲ್ಲದವೂ ಒಳ್ಳೆಯವಿವೆ. ಕನ್ನಡಕದಂಗಡಿಯವರು ತಮ್ಮ ಹೆಸರು ಕೆತ್ತಿಸಿ ಮಾರಿದ್ದೂ ಉಂಟು. ನೋಡಬೇಕಾದ್ದು ಹೆಸರಲ್ಲ, ಮಸೂರ. ಮನೆಯ ಬಲ್ಬಿನ ಪ್ರತಿಫಲನ ಮಸೂರದಲ್ಲಿ ಎಣಿಸಿ: ಜೋಡಿ ಗಾಜಾದರೆ ಮೂರೋ ನಾಲ್ಕೋ ಚುಕ್ಕೆ ಕಾಣಬೇಕು, ಎರಡೇ ಕಂಡರೆ ಒಂಟಿ ಗಾಜು, ವಾಪಸ್ ಕೊಡಿ. ಬಳೆಯನ್ನು ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿ: ಗಾಜು ಅಲುಗಿದ ಅತಿ ಸಣ್ಣ ಸದ್ದು ಬಂದರೆ ಸರಿ, ಬಿಗಿ ಹಿಡಿದು ಸದ್ದೇ ಇಲ್ಲದಿದ್ದರೆ ಚಳಿಗೆ ಹಿತ್ತಾಳೆ ಕುಗ್ಗಿ ಗಾಜನ್ನು ಹಿಂಡುತ್ತದೆ, ನಕ್ಷತ್ರ ಮುಮ್ಮೂಲೆಯಾಗಿ ಕಾಣುತ್ತದೆ. ಹಿಡಿಕೆ ಉಂಗುರವನ್ನು ಒಂದು ಸುತ್ತಿನ ಎಂಟನೇ ಒಂದು ಭಾಗ ಸಡಿಲಿಸಿದರೆ ಅದು ಸರಿಹೋಗುತ್ತದೆ. ಅಂಚಿನ ಸಣ್ಣ ಚಕ್ಕೆ ಹೋದದ್ದು ಏನೂ ಅಲ್ಲ, ಬೆಲೆ ಇಳಿಸಲು ಒಳ್ಳೇ ನೆವ.

ಬರೀ ಆಕಾಶ ಹೆಚ್ಚು ನೋಡಬೇಕು, ದುಡ್ಡು ಇಷ್ಟೇ ಇದೆ ಅನ್ನುವವರು ಇದನ್ನು ಬಿಟ್ಟು ಆರಿಂಚಿನ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಕನ್ನಡಿ ದೂರದರ್ಶಕ, ಕೊಳ್ಳಲಿ. ನಾಲ್ಕು ಪಟ್ಟು ಬೆಳಕು, ನೆತ್ತಿಗೂ ತಿರುಗುತ್ತದೆ. ಅದೇ ವಿಕ್ಟೋರಿಯನ್ ಕಾಲದ ಬೆಳ್ಳಿ ಲೇಪದ ಕನ್ನಡಿ ದೂರದರ್ಶಕ ಸಿಕ್ಕರೆ ಮಾತ್ರ ಮಲೆನಾಡಿಗೆ ತರಬೇಡಿ. ಆ ಬೆಳ್ಳಿ ಇಲ್ಲಿಯ ತೇವಕ್ಕೆ ಒಂದು ಮಳೆಗಾಲ ತಾಳುವುದಿಲ್ಲ, ಪ್ರತಿ ವರ್ಷ ಮತ್ತೆ ಬೆಳ್ಳಿ ಬಳಿಯುವ ರಸಾಯನದ ಕೆಲಸ ಮೈಮೇಲೆ ಬರುತ್ತದೆ. ಮೂರಿಂಚಿನ ಗಾಜು ಸಿಲಿಕಾ ಡಬ್ಬಿಯೊಳಗೆ ಸುಮ್ಮನೆ ಮಲಗಿರುತ್ತದೆ, ನವೆಂಬರಿನಲ್ಲಿ ತೆಗೆದು ತಿರುಗಿಸಿ ಹಾಕಿದರೆ ಆಯಿತು.